ಹೊರೆಯನ್ನರಿತು ಎತ್ತನ್ನು ಕೊಳ್ಳಿರಿ

ಹಿಂದೆ ಮಗನನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸುವ ಮನೆಯವರು ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಒಂದು ಒಳ್ಳೆಯ ಕ್ಯಾಲ್ಕುಲೇಟರು, ಇಷ್ಟನ್ನು ಕೊಡಿಸಿದರೆ ತಮ್ಮ ಕರ್ತವ್ಯ ತೀರಿತೆಂದು ಭಾವಿಸುತ್ತಿದ್ದರು. ಇಂದು ಮಗನಾಗಲಿ ಮಗಳಾಗಲಿ ಮೊದಲು ಕೇಳುವುದು ಲ್ಯಾಪ್‌ಟಾಪನ್ನು. ಅದರಲ್ಲಿಯೂ ಸ್ನಾತಕೋತ್ತರ ವ್ಯಾಸಂಗಕ್ಕೆ ಹೋಗಿ ಸಿಮ್ಯುಲೇಶನ್ ಎಂಬ ಗಣಿತಕಾರ್ಯವನ್ನು ಕೈಗೊಂಡ ಮಕ್ಕಳು ಬಯಸುವ ಯಂತ್ರದ ಬೆಲೆ ಒಂದೂವರೆ ಲಕ್ಷ ರೂಪಾಯಿಗಳಿಂದ ಮೂರು ಲಕ್ಷದವರೆಗೂ ಏರುವುದುಂಟು. ಕಾಸರಗೋಡಿನ ಕಡೆ ಅದು ಅಡಕೆಯ ಹಣ. ಅಕ್ಕಲಕೋಟೆಯ ಕಡೆ ತೊಗರಿಯ ಹಣ. ಹೊಸೂರಿನ ಕಡೆ ಹೂವು ತರಕಾರಿಗಳ ಹಣ. ಅಷ್ಟು ಹಣವನ್ನು ಅಂಗಡಿಯವನ ಮಾತೊಂದನ್ನೇ ನಂಬಿ ಸುರಿಯುವುದು ವಿವೇಕವೆನಿಸದು.

ಕಾಸರಗೋಡು ತಾಲೂಕಿನ ಕೃಷಿಕರೊಬ್ಬರು ಈ ಪುಟಕ್ಕೆ ಪತ್ರ ಬರೆದಿದ್ದಾರೆ. ಅವರ ಮಗಳು ಯಂತ್ರಶಾಸ್ತ್ರದಲ್ಲಿ ಎಂ.ಟೆಕ್. ಓದುತ್ತಿದ್ದಾಳೆ. ಒತ್ತಡವನ್ನು ತಾಳಬೇಕಾದ ಉಕ್ಕಿನ ಪಾತ್ರೆಗಳ ಬಲವನ್ನು ಲೆಕ್ಕ ಹಾಕುವುದು ಅವಳ ಪ್ರಬಂಧದ ವಿಷಯ. ಅಂಗಡಿಯವರು ಆಟಗಳಿಗೆಂದು ತಯಾರಾದ, ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಯಂತ್ರವನ್ನು ಕೊಳ್ಳಿರೆನ್ನುತ್ತಾರೆ. ಸಹಪಾಠಿಗಳು 'ವರ್ಕ್‌ಸ್ಟೇಶನ್' ಎಂಬ ಹೆಸರುಳ್ಳದ್ದೇ ಬೇಕೆನ್ನುತ್ತಾರೆ. ಕೊಳ್ಳಬೇಕಾದರೆ ಸಾಲ ಮಾಡಬೇಕು. 'ಯಾರ ಮಾತನ್ನು ಕೇಳಲಿ?' ಎಂಬುದು ತಂದೆಯವರ ಪ್ರಶ್ನೆ. ಇದು ಒಂದು ಮನೆಯ ಪ್ರಶ್ನೆಯಾಗಿ ಉಳಿದಿಲ್ಲವಾದುದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಕೆಲಸದ ಸ್ವರೂಪವನ್ನು ಅರಿಯೋಣ. ಒಂದು ವಸ್ತುವನ್ನು ತಯಾರಿಸುವುದಕ್ಕೆ ಮುನ್ನವೇ, ಭಾರ ಬಿದ್ದಾಗ, ಬಿಸಿ ತಟ್ಟಿದಾಗ, ಗಾಳಿ ಬೀಸಿದಾಗ ಅದು ಹೇಗೆ ನಡೆದುಕೊಂಡೀತೆಂಬುದನ್ನು ಗಣಿತದಿಂದ ಕಂಡುಕೊಳ್ಳುವುದೇ ಸಿಮ್ಯುಲೇಶನ್. ಇದಕ್ಕೆ ಬಳಸುವ ಮುಖ್ಯ ಉಪಾಯಕ್ಕೆ ಫೈನೈಟ್ ಎಲಿಮೆಂಟ್ ವಿಧಾನವೆಂದು ಹೆಸರು. ಆ ಹೆಸರನ್ನು ರೇ ಕ್ಲಫ್ ಎಂಬ ಅಮೆರಿಕದ ವಿದ್ವಾಂಸರು 1960ರಲ್ಲಿ ಬಳಕೆಗೆ ತಂದರು. ಇಡೀ ವಸ್ತುವನ್ನು ಸಣ್ಣ ಸಣ್ಣ ತುಣುಕುಗಳ ಬಲೆಯಾಗಿ ವಿಂಗಡಿಸಿ, ಬಲೆಯ ಗಂಟುಗಂಟಿನಲ್ಲಿಯೂ ಸಮೀಕರಣಗಳನ್ನು ಬರೆದು, ಎಲ್ಲವನ್ನೂ ಒಟ್ಟಿಗೆ ಬಿಡಿಸುವುದು ಇದರ ಕ್ರಮ. ಬಲೆ ಸೂಕ್ಷ್ಮವಾದಷ್ಟೂ ಉತ್ತರ ನಿಖರವಾಗುತ್ತದೆ, ಹೊರೆಯೂ ಹೆಚ್ಚುತ್ತದೆ. ತುಣುಕಿನ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ, ಉದ್ದ ಅಗಲ ಎತ್ತರ ಮೂರೂ ದಿಕ್ಕುಗಳಲ್ಲಿ ಇಮ್ಮಡಿಯಾಗುವುದರಿಂದ, ತುಣುಕುಗಳ ಸಂಖ್ಯೆ ಎಂಟು ಮಡಿಯಾಗುತ್ತದೆ. ಆದುದರಿಂದಲೇ 'ಇನ್ನೊಂದಿಷ್ಟು ಸೂಕ್ಷ್ಮವಾಗಿ ನೋಡೋಣ' ಎಂಬ ಸಣ್ಣ ಆಸೆಯು ಯಂತ್ರವನ್ನು ಮಂಡಿಯೂರಿಸಬಲ್ಲುದು.

ಇನ್ನು ಯಂತ್ರದ ಅಂಗಾಂಗಗಳ ವಿಚಾರ. ನಮ್ಮ ಕಡೆಯ ಮದುವೆಯ ಅಡುಗೆಮನೆಯನ್ನು ಕಣ್ಣ ಮುಂದೆ ತಂದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಪ್ರೊಸೆಸರಿನ ಕೋರ್‌ಗಳೇ ಅಡುಗೆಯವರು. ರ್‍ಯಾಮ್ ಎಂಬ ಮೆಮೊರಿಯೇ ಪಕ್ಕದ ಉಗ್ರಾಣ. ಎಸ್.ಎಸ್.ಡಿ. ಎಂಬ ಸಂಗ್ರಹವು ದೂರದ ಪೇಟೆಯ ಅಂಗಡಿ. ಉಗ್ರಾಣದಲ್ಲಿ ಸಾಮಾನು ಹಿಡಿಸದೆ ಹೋದರೆ ಮಾತು ಮಾತಿಗೂ ಪೇಟೆಗೆ ಆಳನ್ನು ಓಡಿಸಬೇಕು. ಆಗ ಎಷ್ಟು ಮಂದಿ ಬಾಣಸಿಗರಿದ್ದರೂ ಊಟ ಹೊತ್ತಿಗೆ ಸಿದ್ಧವಾಗದು.

ಆದುದರಿಂದ ಮೊದಲ ಲೆಕ್ಕ ಮೆಮೊರಿಯದು. ಘನವಸ್ತುವಿನ ಬಲವನ್ನು ಲೆಕ್ಕ ಹಾಕುವಾಗ ಬಲೆಯ ಪ್ರತಿ ಗಂಟಿಗೂ ಮೂರು ಅಜ್ಞಾತ ಸಂಖ್ಯೆಗಳಿರುತ್ತವೆ. ಡೈರೆಕ್ಟ್ ಸಾಲ್ವರ್ ಎಂಬ ಬಗೆಯ ಲೆಕ್ಕಕ್ಕೆ ಹತ್ತು ಲಕ್ಷ ಅಜ್ಞಾತಗಳಿಗೆ ಸುಮಾರು 10 ಗಿಗಾಬೈಟ್ ಮೆಮೊರಿ ಬೇಕೆಂಬುದು ಬಳಕೆಯಲ್ಲಿರುವ ಅಂದಾಜು. ಐದು ಲಕ್ಷ ಗಂಟುಗಳ ಬಲೆಯಾದರೆ ಹದಿನೈದು ಲಕ್ಷ ಅಜ್ಞಾತಗಳು, ಎಂದರೆ 15 ಗಿಗಾಬೈಟ್. ವಿಂಡೋಸ್ ಮತ್ತು ಇತರ ತಂತ್ರಾಂಶಗಳ ಪಾಲನ್ನು ಸೇರಿಸಿದರೆ 32 ಗಿಗಾಬೈಟಿನ ಯಂತ್ರದಲ್ಲಿ ಕೆಲಸ ಸಾಗುತ್ತದೆ. ಇಪ್ಪತ್ತು ಲಕ್ಷ ಗಂಟುಗಳಾದರೆ ಲೆಕ್ಕಕ್ಕೇ 60 ಗಿಗಾಬೈಟ್ ಬೇಕು. ಆಗ 64 ಕೂಡ ಸಾಲದು. ಗಾಳಿ, ನೀರುಗಳ ಹರಿವನ್ನು ಕುರಿತ ಲೆಕ್ಕಗಳಲ್ಲಿ ಹತ್ತು ಲಕ್ಷ ಕೋಶಗಳಿಗೆ ಒಂದರಿಂದ ಎರಡು ಗಿಗಾಬೈಟ್ ಸಾಕಾಗುತ್ತದೆ. ಅಲ್ಲಿ ಸ್ಥಳಕ್ಕಿಂತ ಸಮಯದ್ದೇ ಕಷ್ಟ.

ಇಲ್ಲಿ ಪಾಲಕರು ತಿಳಿಯಲೇಬೇಕಾದ ಒಂದು ಸಂಗತಿಯಿದೆ. ಆನ್ಸಿಸ್ ಸಂಸ್ಥೆಯು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುವ ತಂತ್ರಾಂಶದ ಇತ್ತೀಚಿನ ಆವೃತ್ತಿಗಳಲ್ಲಿ ಬಲದ ಲೆಕ್ಕಕ್ಕೆ 1,28,000 ಗಂಟುಗಳ ಮಿತಿಯಿದೆ. ಎಂದರೆ ನಾಲ್ಕು ಲಕ್ಷಕ್ಕಿಂತ ಕಡಮೆ ಅಜ್ಞಾತಗಳು. ಸುಮಾರು 4 ಗಿಗಾಬೈಟಿನ ಹೊರೆ. ಮಗಳು ಆ ಉಚಿತ ಆವೃತ್ತಿಯನ್ನೇ ಬಳಸುವವಳಾದರೆ ಮೂರು ಲಕ್ಷದ ಯಂತ್ರವು ಕೈಗಾಡಿಗೆ ಆನೆಯನ್ನು ಕಟ್ಟಿದಂತೆಯೇ ಸರಿ. ಕಾಲೇಜಿನಲ್ಲಿ ಪೂರ್ಣ ಪರವಾನಗಿಯಿದ್ದು ಅದನ್ನು ಮನೆಯ ಯಂತ್ರದಲ್ಲಿ ಬಳಸಲು ಅನುಮತಿಯಿದ್ದರೆ ಆಗ ಮಾತು ಬೇರೆ. ಈ ಒಂದು ಪ್ರಶ್ನೆಯನ್ನು ಮಾರ್ಗದರ್ಶಕ ಅಧ್ಯಾಪಕರಲ್ಲಿ ಕೇಳದೆ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಬಾರದು.

ಎರಡನೆಯದು ಉಗ್ರಾಣದ ಬಾಗಿಲು. ಸಾಮಾನು ತುಂಬಿದ್ದರೂ ಬಾಗಿಲು ಕಿರಿದಾಗಿದ್ದರೆ ಅಡುಗೆಯವರು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಡಿ.ಡಿ.ಆರ್. 5 ಬಗೆಯ, 5600 ವೇಗದ ಮೆಮೊರಿಯನ್ನು ಒಂದೇ ಪಟ್ಟಿಯಾಗಿ ಹಾಕಿದರೆ ಸೆಕೆಂಡಿಗೆ ಹೆಚ್ಚೆಂದರೆ 44.8 ಗಿಗಾಬೈಟ್ ಹರಿಯುತ್ತದೆ. ಎರಡು ಪಟ್ಟಿಗಳಾಗಿ ಹಾಕಿದರೆ 89.6. ಅದೇ 32 ಗಿಗಾಬೈಟನ್ನು ಹದಿನಾರರ ಎರಡು ಪಟ್ಟಿಗಳಾಗಿ ಕೊಂಡರೆ ಬಾಗಿಲು ಇಮ್ಮಡಿ ಅಗಲವಾಗುತ್ತದೆಂದು ಅರ್ಥ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ವಿರಳ, ಕೇಳಿ ತಿಳಿಯಬೇಕು. ಮುಂದೆ ಮೆಮೊರಿಯನ್ನು ಹೆಚ್ಚಿಸಲು ಅವಕಾಶವಿದೆಯೇ, ಅಥವಾ ಬೆಸುಗೆ ಹಾಕಿ ಮುಚ್ಚಿಬಿಟ್ಟಿದ್ದಾರೆಯೇ ಎಂಬುದನ್ನೂ ಕೇಳತಕ್ಕದ್ದು. ಬೆಸೆದ ಮೆಮೊರಿಯೆಲ್ಲ ಕೆಟ್ಟದೆಂದಲ್ಲ; 2025ರಲ್ಲಿ ಬಂದ ಎ.ಎಂ.ಡಿ.ಯ ರೈಜ಼ನ್ ಎ.ಐ. ಮ್ಯಾಕ್ಸ್ ಪ್ಲಸ್ 395 ಎಂಬ ಪ್ರೊಸೆಸರು ಹದಿನಾರು ಕೋರ್‌ಗಳೊಡನೆ ಸೆಕೆಂಡಿಗೆ 256 ಗಿಗಾಬೈಟಿನಷ್ಟು ಅಗಲದ ಬಾಗಿಲನ್ನು ಪಡೆದಿದೆ. ಆದರೆ ಅಂಥದನ್ನು ಕೊಳ್ಳುವವರು ಮುಂದಿನ ಅಗತ್ಯವನ್ನು ಅಂದೇ ಅಳೆದು ಕೊಳ್ಳಬೇಕು.

ಮೂರನೆಯದು ಅಡುಗೆಯವರ ಸಂಖ್ಯೆ. ಕೋರ್‌ಗಳು ಇಮ್ಮಡಿಯಾದರೆ ವೇಗವೂ ಇಮ್ಮಡಿಯಾಗುವುದೆಂಬ ನಂಬಿಕೆ ಜನರಲ್ಲಿದೆ. ಜೀನ್ ಆಮ್ಡಾಲ್ ಎಂಬವರು 1967ರಲ್ಲಿಯೇ ಇದರ ಮಿತಿಯನ್ನು ತೋರಿಸಿಕೊಟ್ಟರು. ಕೆಲಸದ ಹತ್ತರಲ್ಲೊಂದು ಪಾಲನ್ನು ಒಬ್ಬನೇ ಮಾಡಬೇಕಾಗಿದ್ದರೆ, ಎಂಟು ಕೋರ್‌ಗಳಿಂದ ವೇಗ ಸುಮಾರು 4.7 ಮಡಿಯಾಗುತ್ತದೆ, ಹದಿನಾರಾದರೆ 6.4 ಮಡಿ ಮಾತ್ರ; ಸಾವಿರವಾದರೂ ಹತ್ತು ಮಡಿಯನ್ನು ಮುಟ್ಟದು. ಇದಲ್ಲದೆ ಕೆಲವು ವಾಣಿಜ್ಯ ಪರವಾನಗಿಗಳು ನಾಲ್ಕು ಕೋರ್‌ಗಳ ಬಳಕೆಗೆ ಮಾತ್ರ ಅನುಮತಿ ಕೊಡುತ್ತವೆ. ಹಾಗಾಗಿ ಶಕ್ತಿಯುಳ್ಳ ಎಂಟು ಕೋರ್‌ಗಳಿರುವ ಪ್ರೊಸೆಸರು ವಿದ್ಯಾರ್ಥಿಗೆ ಧಾರಾಳವಾಗಿ ಸಾಕು.

ನಾಲ್ಕನೆಯದು ಗ್ರಾಫಿಕ್ಸ್ ಕಾರ್ಡು. ಹಣ ಅತಿ ಹೆಚ್ಚಾಗಿ ವ್ಯರ್ಥವಾಗುವುದು ಇಲ್ಲಿಯೇ. ಬಲದ ಲೆಕ್ಕಗಳನ್ನು ಸಾಮಾನ್ಯವಾಗಿ ಡಬಲ್ ಪ್ರಿಸಿಶನ್ ಎಂಬ ಹೆಚ್ಚು ನಿಖರವಾದ ಅಂಕಗಣಿತದಲ್ಲಿ ಮಾಡುತ್ತಾರೆ. ಆಟಗಳಿಗೆಂದು ಬರುವ ಎನ್‌ವಿಡಿಯಾ ಆರ್.ಟಿ.ಎಕ್ಸ್. 40 ಸರಣಿಯ ಕಾರ್ಡುಗಳಲ್ಲಿ ಈ ಬಗೆಯ ಗಣಿತದ ವೇಗವು ಸಾಮಾನ್ಯ ಗಣಿತದ ವೇಗದ 64ರಲ್ಲಿ ಒಂದು ಪಾಲು ಮಾತ್ರ. ಚಿತ್ರವನ್ನು ತಿರುಗಿಸಿ ನೋಡಲು ಅವು ಚೆನ್ನ. ಈ ಲೆಕ್ಕವನ್ನು ಬಿಡಿಸಲು ಅವುಗಳ ನೆರವು ಅಲ್ಪ. ಹರಿವಿನ ಲೆಕ್ಕಗಳನ್ನು ಕಾರ್ಡಿನಲ್ಲಿಯೇ ಬಿಡಿಸುವ ತಂತ್ರಾಂಶಗಳು ಈಚೆಗೆ ಬಂದಿವೆ. ಅವನ್ನು ಬಳಸುವವರಿಗೆ ಕಾರ್ಡಿನ ಸ್ವಂತ ಮೆಮೊರಿ ಎಷ್ಟೆಂಬುದು ಮುಖ್ಯ. ಇನ್ನೂ ಒಂದು ಎಚ್ಚರಿಕೆ: ಒಂದೇ ಹೆಸರಿನ ಎರಡು ಕಾರ್ಡುಗಳು ಒಂದೇ ಅಲ್ಲ. ಲ್ಯಾಪ್‌ಟಾಪಿನ ಆರ್.ಟಿ.ಎಕ್ಸ್. 4070 ಒಂದು ಯಂತ್ರದಲ್ಲಿ 35 ವ್ಯಾಟ್, ಮತ್ತೊಂದರಲ್ಲಿ 115 ವ್ಯಾಟ್ ಆಗಿರಬಹುದು. ಮೇಜಿನ ಮೇಲಿನ 4090ಕ್ಕೆ 24 ಗಿಗಾಬೈಟ್ ಇದ್ದರೆ ಲ್ಯಾಪ್‌ಟಾಪಿನ 4090ಕ್ಕೆ 16 ಮಾತ್ರ. ಹೆಸರು ಒಂದೇ, ಹುರುಳು ಬೇರೆ.

ಐದನೆಯದು ಶಾಖ. ಇಂಟೆಲ್ ಸಂಸ್ಥೆಯ ಕೋರ್ ಐ9-13980 ಎಚ್.ಎಕ್ಸ್. ಎಂಬ ಪ್ರೊಸೆಸರಿನ ಸಾಧಾರಣ ಶಕ್ತಿ 55 ವ್ಯಾಟ್, ಓಟದ ಶಕ್ತಿ 157 ವ್ಯಾಟ್. ಆ ಓಟವು ಅಲ್ಪ ಹೊತ್ತಿನದು. ಸಿಮ್ಯುಲೇಶನ್ ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ರಾತ್ರಿ ನಡೆಯುವ ಕೆಲಸ. ತೆಳ್ಳಗಿನ ಅಂದದ ಯಂತ್ರವು ಬಿಸಿಯೇರಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ದಪ್ಪನೆಯ, ದೊಡ್ಡ ಬೀಸಣಿಗೆಗಳುಳ್ಳ ಯಂತ್ರವು ಕಡಮೆ ದರ್ಜೆಯ ಪ್ರೊಸೆಸರಿನಲ್ಲಿಯೂ ಅದನ್ನು ಹಿಂದೆ ಹಾಕುವುದುಂಟು. ಕರಾವಳಿಯ ಸೆಕೆಯಲ್ಲಿ, ಸೊಲ್ಲಾಪುರದಂತಹ ಮಗ್ಗಗಳ ಊರಿನ ಹತ್ತಿಯ ಧೂಳಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಯಂತ್ರದ ಗಾಳಿಗಂಡಿಗಳನ್ನು ಆಗಾಗ ಶುಚಿಗೊಳಿಸಬೇಕು. ಹಾಸಿಗೆಯ ಮೇಲಿಟ್ಟು ಕೆಲಸ ಮಾಡಬಾರದು. ಹಾಗೆಯೇ ಬ್ಯಾಟರಿಯನ್ನು ನಂಬಿ ದೊಡ್ಡ ಲೆಕ್ಕ ಹೂಡಬಾರದು. ವಿಮಾನಯಾನದ ನಿಯಮಗಳು ವಿಶೇಷ ಅನುಮತಿಯಿಲ್ಲದೆ ಒಪ್ಪುವ ಮಿತಿ 100 ವ್ಯಾಟ್-ಗಂಟೆಯಾದುದರಿಂದ ಬ್ಯಾಟರಿಗಳು ಅದರೊಳಗೇ ಇರುತ್ತವೆ. ಪೂರ್ಣ ಹೊರೆಯಲ್ಲಿ ಅವು ಒಂದು ಗಂಟೆ ನಿಂತರೆ ಪುಣ್ಯ. ವಿದ್ಯುತ್ತು ಹೋಗುವ ಊರುಗಳಲ್ಲಿ ಲೆಕ್ಕವನ್ನು ನಡುನಡುವೆ ಉಳಿಸಿಕೊಳ್ಳುವ ಏರ್ಪಾಟನ್ನು ಮಕ್ಕಳು ಮಾಡಿಕೊಳ್ಳಲೇಬೇಕು.

ಹಾಗಾದರೆ 'ವರ್ಕ್‌ಸ್ಟೇಶನ್' ಎಂಬ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಎಚ್.ಪಿ.ಯ ಜ಼ಡ್‌ಬುಕ್, ಲೆನೊವೊದ ಥಿಂಕ್‌ಪ್ಯಾಡ್ ಪಿ, 2025ರಲ್ಲಿ ಡೆಲ್ ಪ್ರೊ ಮ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡ ಡೆಲ್ ಪ್ರಿಸಿಶನ್ ಇವುಗಳ ಮೇಲೆ ತಂತ್ರಾಂಶ ತಯಾರಕರು ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡಿರುತ್ತಾರೆ. ತೊಂದರೆ ಬಂದಾಗ ಅವರ ಸಹಾಯ ದೊರೆಯುವುದಕ್ಕೆ ಇದು ಆಧಾರ. ಉದ್ಯೋಗದಲ್ಲಿರುವವರಿಗೆ ಇದು ಲಾಭಕರ, ವಿದ್ಯಾರ್ಥಿಗೆ ಅನಿವಾರ್ಯವಲ್ಲ. ಆಪಲ್ ಯಂತ್ರಗಳು ಉತ್ತಮವಾದರೂ ಆನ್ಸಿಸ್, ಅಬಾಕಸ್, ಸಾಲಿಡ್‌ವರ್ಕ್ಸ್ ಮುಂತಾದವು ಅವುಗಳಲ್ಲಿ ನೇರವಾಗಿ ನಡೆಯುವುದಿಲ್ಲವೆಂಬುದು ನೆನಪಿರಲಿ. ಹಳೆಯ ವರ್ಕ್‌ಸ್ಟೇಶನ್ ಕೊಳ್ಳುವವರು ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ನೋಡತಕ್ಕದ್ದು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ದುರಸ್ತಿಗೆ ಮನೆಗೇ ಬರುವ ಗ್ಯಾರಂಟಿಯು ನಿಮ್ಮ ಪಿನ್‌ಕೋಡಿಗೆ ಸಲ್ಲುವುದೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಗಡಿಯ ಊರುಗಳವರು ಪಕ್ಕದ ರಾಜ್ಯದ ಪೇಟೆಯಲ್ಲಿ ಕೊಳ್ಳುವುದು ವಾಡಿಕೆಯಾದುದರಿಂದ ಈ ಮಾತು ನಮಗೆ ವಿಶೇಷವಾಗಿ ಅನ್ವಯಿಸುತ್ತದೆ.

ಮತ್ತೊಂದು ದಾರಿಯೂ ಇದೆ. ಅತಿ ದೊಡ್ಡ ಲೆಕ್ಕಗಳಿಗೆ ಲ್ಯಾಪ್‌ಟಾಪು ತಕ್ಕ ಸ್ಥಳವೇ ಅಲ್ಲ. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಯೋಜನೆಯಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಮ್ ಪ್ರವೇಗ, ತಿರುಚಿರಾಪಳ್ಳಿಯ ಎನ್.ಐ.ಟಿ.ಯಲ್ಲಿ ಪರಮ್ ಪೊರುಳ್, ಪುಣೆಯ ಐಸರ್‌ನಲ್ಲಿ ಪರಮ್ ಬ್ರಹ್ಮ, ಹೈದರಾಬಾದಿನ ಐ.ಐ.ಟಿ.ಯಲ್ಲಿ ಪರಮ್ ಸೇವಾ ಸ್ಥಾಪಿತವಾಗಿವೆ. ಇಂತಹ ಯಂತ್ರಗಳಲ್ಲಿ ಕಾಲಾವಕಾಶ ದೊರೆಯುವುದೇ ಎಂದು ಮಾರ್ಗದರ್ಶಕರ ಮೂಲಕ ವಿಚಾರಿಸಬಹುದು. ಓಪನ್‌ಫೋಮ್, ಕ್ಯಾಲ್ಕ್ಯುಲಿಕ್ಸ್ ಮೊದಲಾದ ತಂತ್ರಾಂಶಗಳಿಗೆ ಹಣವೂ ಬೇಡ, ಕೋರ್‌ಗಳ ಕಟ್ಟಳೆಯೂ ಇಲ್ಲ. ಮುಂಬಯಿಯ ಐ.ಐ.ಟಿ.ಯವರು ಇಂತಹ ಮುಕ್ತ ತಂತ್ರಾಂಶಗಳನ್ನು ಕಲಿಸಲು ಸ್ಪೋಕನ್ ಟ್ಯುಟೋರಿಯಲ್ ಎಂಬ ಪಾಠಮಾಲೆಯನ್ನು ನಡೆಸುತ್ತಾರೆ. ಅದರ ಹಲವು ಪಾಠಗಳು ಕನ್ನಡದಲ್ಲಿಯೂ ಇವೆ.

ಯಂತ್ರವೆಷ್ಟೇ ದೊಡ್ಡದಾದರೂ ಅದನ್ನು ನಡೆಸುವವರ ವಿವೇಕವೇ ಕೊನೆಗೆ ಕಾಯುವುದು. ನಾರ್ವೆ ದೇಶದಲ್ಲಿ 1991ರ ಆಗಸ್ಟ್ 23ರಂದು ಸ್ಲೈಪ್ನರ್ ಎ ಎಂಬ ತೈಲವೇದಿಕೆಯ ಕಾಂಕ್ರೀಟು ಬುಡವು ಬಿರುಕುಬಿಟ್ಟು ಸಮುದ್ರದ ಪಾಲಾಯಿತು. ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ಬಲೆಯನ್ನು ಸರಿಯಾಗಿ ಹೆಣೆಯದುದರಿಂದ ಗೋಡೆಗಳ ಮೇಲಿನ ಕತ್ತರಿಬಲವನ್ನು ಶೇಕಡಾ 47ರಷ್ಟು ಕಡಮೆಯಾಗಿ ಎಣಿಸಲಾಗಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಯಾವ ಭಾಗದಲ್ಲಿ ಬಲೆ ಸೂಕ್ಷ್ಮವಾಗಿರಬೇಕೆಂಬ ತಿಳಿವನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ.

ಪತ್ರ ಬರೆದ ತಂದೆಯವರಿಗೆ ನನ್ನ ಸಲಹೆ ಇಷ್ಟು. ಮಗಳೊಡನೆ ಕುಳಿತು ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆಯಿಸಿರಿ: ಯಾವ ತಂತ್ರಾಂಶ, ಯಾವ ಪರವಾನಗಿ, ಬಲೆಯಲ್ಲಿ ಎಷ್ಟು ಗಂಟುಗಳು. ಉಚಿತ ಆವೃತ್ತಿಯ ಮಿತಿಯೊಳಗಿನ ಕೆಲಸವಾದರೆ 16 ಗಿಗಾಬೈಟಿನ ಒಳ್ಳೆಯ ಯಂತ್ರ ಸಾಕು. ಐದಾರು ಲಕ್ಷ ಗಂಟುಗಳಾದರೆ ಎಂಟು ಕೋರ್‌ಗಳು, ಎರಡು ಪಟ್ಟಿಗಳಲ್ಲಿ 32 ಗಿಗಾಬೈಟ್, ಮುಂದೆ 64ಕ್ಕೆ ಏರಿಸುವ ಅವಕಾಶ, ಒಂದು ಟೆರಾಬೈಟಿನ ಎಸ್.ಎಸ್.ಡಿ., ಸಾಧಾರಣ ಗ್ರಾಫಿಕ್ಸ್ ಕಾರ್ಡು, ದಪ್ಪನೆಯ ಮೈಕಟ್ಟು. ಅದಕ್ಕೂ ಮೀರಿದ ಹೊರೆಯಿದ್ದರೆ ಅದನ್ನು ಕಾಲೇಜಿನ ಯಂತ್ರಕ್ಕೆ ಹೊರಿಸುವುದು ನ್ಯಾಯ. ಇದಕ್ಕಾಗಿ ಸಾಲ ಮಾಡಬೇಕಾದ ಪ್ರಸಂಗ ಬರಲಾರದು. ಹಾಗೆ ಉಳಿದ ಹಣವನ್ನು ಮಗಳ ಹೆಸರಿನಲ್ಲಿಯೇ ತೆಗೆದಿಡಿರಿ. ಪ್ರಬಂಧ ಮುಗಿಯುವ ವರ್ಷ ಅವಳಿಗೆ ಅದರ ಅಗತ್ಯ ಬಿದ್ದೇ ಬೀಳುತ್ತದೆ.