ಗೂಢ ಸುರಂಗವೂ ಸರಕಾರದ ದಫ್ತರವೂ

ಸೋಗಾನೆಯ ವಿಮಾನನಿಲ್ದಾಣವು ೨೦೨೩ನೆಯ ಫೆಬ್ರವರಿ ೨೭ರಂದು ಉದ್ಘಾಟನೆಯಾಗಿ, ಆಗಸ್ಟ್ ೩೧ರಿಂದ ಬೆಂಗಳೂರಿಗೆ ವಿಮಾನಸಂಚಾರವು ಮೊದಲಾಯಿತು. ಶಿವಮೊಗ್ಗ ಭದ್ರಾವತಿಗಳ ವರ್ತಕರೂ ಅಧಿಕಾರಿಗಳೂ ಈಗ ಊರೂರಿನ ನಿಲ್ದಾಣಗಳಲ್ಲಿಯೂ ಹೋಟೆಲುಗಳಲ್ಲಿಯೂ ಕುಳಿತು, ಸಾರ್ವಜನಿಕ ವೈಫೈ ಮೂಲಕ ಬ್ಯಾಂಕಿನ ಲೆಕ್ಕವನ್ನೂ ಕಚೇರಿಯ ಕಾಗದಗಳನ್ನೂ ನೋಡುತ್ತಾರೆ. ಆ ವೈಫೈ ಯಾರದು, ನಡುದಾರಿಯಲ್ಲಿ ಹೊಂಚುತ್ತಿರುವವರು ಯಾರು ಎಂದು ವಿಚಾರಿಸುವವರು ವಿರಳ.

ಇದಕ್ಕೆ ಪರಿಹಾರವುಂಟು. ನಮ್ಮ ಕಂಪ್ಯೂಟರಿನಿಂದ ದೂರದ ಇನ್ನೊಂದು ಕಂಪ್ಯೂಟರಿನವರೆಗೆ ಗೂಢಲಿಪಿಯ ಸುರಂಗವನ್ನು ತೆಗೆದು, ಅಂತರ್ಜಾಲದ ವ್ಯವಹಾರವನ್ನೆಲ್ಲ ಅದರೊಳಗೇ ಸಾಗಿಸುವುದು. ಪುಟಗಳನ್ನು ತರಿಸಿಕೊಡುವುದು ಆ ದೂರದ ಯಂತ್ರ. ನಡುವಿನವನಿಗೆ ಕಾಣುವುದು ಮೊಹರು ಹಾಕಿದ ಲಕೋಟೆ ಮಾತ್ರ. ಫಿನ್ಲೆಂಡಿನ ತಾತು ಯುಲೋನೆನ್ ಎಂಬವರು, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳು ಕಳವಾದುದನ್ನು ಕಂಡು, ೧೯೯೫ರಲ್ಲಿ ಎಸ್‌ಎಸ್‌ಎಚ್ ಎಂಬ ಸಾಧನವನ್ನು ರಚಿಸಿದರು. ಅದರಿಂದಲೂ ಇಂಥ ಸುರಂಗವನ್ನು ತೆಗೆಯಬಹುದು. ವಿಪಿಎನ್ ಎಂದು ಮಾರಾಟವಾಗುವುದೂ ಇದೇ ಬಗೆಯದು. ಬಹುತೇಕ ತಾಣಗಳು ಈಗ ವಿಷಯವನ್ನು ತಾವೇ ಮುಚ್ಚಿ ಕಳುಹಿಸುತ್ತವೆಯಾದರೂ, ಯಾರು ಯಾವ ತಾಣಕ್ಕೆ ಹೋದರೆಂಬುದು ಸಾಮಾನ್ಯವಾಗಿ ಬಯಲಾಗಿಯೇ ಇರುತ್ತದೆ. ಸುರಂಗವು ಅದನ್ನೂ ಮರೆಮಾಡುತ್ತದೆ.

ಆದರೆ ವೈಫೈಯವನಿಗೆ ಮರೆಯಾದುದು ಸುರಂಗದ ಆಚೆಯ ತುದಿಯ ಒಡೆಯನಿಗೆ ಕಾಣುವುದು. ನಂಬಿಕೆಯು ಕೈ ಬದಲಾಯಿಸಿತೇ ಹೊರತು ಅನವಶ್ಯಕವಾಗಲಿಲ್ಲ. ಪುಕ್ಕಟೆಯ ವಿಪಿಎನ್‌ಗಳನ್ನು ಕಣ್ಣುಮುಚ್ಚಿ ನಂಬುವವರು, ಬೇಲಿಯೇ ಎದ್ದು ಹೊಲ ಮೇಯುವುದೂ ಉಂಟೆಂಬುದನ್ನು ಮರೆಯಬಾರದು.

ಇನ್ನು ಸರಕಾರದ ಮಾತು. ೨೦೨೨ನೆಯ ಏಪ್ರಿಲ್ ೨೮ರಂದು ಸರ್ಟ್-ಇನ್ ಸಂಸ್ಥೆಯು ಹೊರಡಿಸಿದ ನಿರ್ದೇಶದ ಪ್ರಕಾರ, ವಿಪಿಎನ್ ಒದಗಿಸುವವರೂ ದೂರದ ಕಂಪ್ಯೂಟರುಗಳನ್ನು ಬಾಡಿಗೆಗೆ ಕೊಡುವವರೂ ಗಿರಾಕಿಗಳ ಹೆಸರು, ವಿಳಾಸ, ಉದ್ದೇಶಗಳನ್ನು ಬರೆದು, ಅವರು ಬಿಟ್ಟುಹೋದ ಮೇಲೆಯೂ ೫ ವರ್ಷ ಕಾದಿಡತಕ್ಕದ್ದು. ಎಕ್ಸ್‌ಪ್ರೆಸ್‌ವಿಪಿಎನ್ ಮೊದಲಾದ ಕಂಪನಿಗಳು ಇದಕ್ಕೊಪ್ಪದೆ ಈ ದೇಶದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದುಹಾಕಿದವು. ವಂಚಕರೂ ಸುರಂಗದಲ್ಲಿ ಅಡಗುತ್ತಾರೆಂಬುದು ನಿಜ. ಅವರನ್ನು ಹಿಡಿಯುವುದು ಸರಕಾರದ ಧರ್ಮವೇ ಸರಿ. ಆದರೆ ಕಳ್ಳನೊಬ್ಬನಿಗಾಗಿ ಬೀಗ ಕೊಂಡವರೆಲ್ಲರ ಹೆಸರನ್ನೂ ದಫ್ತರಕ್ಕೇರಿಸುವುದು ಯಾವ ನ್ಯಾಯ? ಕಳ್ಳನು ಹೊರದೇಶದ ಯಂತ್ರವನ್ನು ಹಿಡಿದು ಪಾರಾಗಬಲ್ಲನು. ಕಾಯಿದೆಗಂಜುವ ಗೃಹಸ್ಥನ ಹೆಸರು ದಫ್ತರದಲ್ಲಿ ಉಳಿಯುವುದು. ಆ ದಫ್ತರವೇ ಕಳವಾದರೆ ಹೊಣೆ ಯಾರು?

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ೯ ಮಂದಿ ನ್ಯಾಯಾಧೀಶರು ೨೦೧೭ನೆಯ ಆಗಸ್ಟ್ ೨೪ರಂದು ತೀರ್ಪಿತ್ತುದು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಂದ ಮೊಕದ್ದಮೆಯಲ್ಲಿಯೇ. ಆದುದರಿಂದ ನಾವು ಹೇಳತಕ್ಕುದಿಷ್ಟೆ: ಸಂಶಯಕ್ಕೆ ಕಾರಣವಿದ್ದಲ್ಲಿ ಸರಕಾರದವರು ನ್ಯಾಯಾಲಯದ ಅಪ್ಪಣೆ ಪಡೆದು ಆ ಒಬ್ಬನ ವಿವರವನ್ನು ಕೇಳಲಿ, ಸರ್ವರ ದಫ್ತರವನ್ನು ಕೈಬಿಡಲಿ. ಅಧಿಕಾರಿಗಳು ಕಚೇರಿಯ ಕೆಲಸಕ್ಕೆ ಇಲಾಖೆಯು ಒದಗಿಸಿದ ಸುರಂಗವನ್ನಲ್ಲದೆ ಬೇರೊಂದನ್ನು ಬಳಸದಿರಲಿ. ಪ್ರಜೆಯು ಲಕೋಟೆಗೆ ಅಂಟು ಹಚ್ಚಿದನೆಂಬ ಮಾತ್ರಕ್ಕೆ ಅವನನ್ನು ಅಪರಾಧಿಯೆಂದು ಎಣಿಸುವುದು ಸ್ವತಂತ್ರ ರಾಷ್ಟ್ರಕ್ಕೆ ಶೋಭಿಸದು.