ಬಿಡುಗಡೆಯ ದಿನದ ಪಾಠ

ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವುದಕ್ಕೆ ನಾವು ‘ಬಿಡುಗಡೆ’ ಎನ್ನುತ್ತೇವೆ. ಸೆರೆಮನೆಗೂ ಅದೇ ಪದ. ಕ್ಯಾನ್ಸರ್ ರೋಗಿಯ ವಿಷಯದಲ್ಲಿ ಅಂದು ನಿಜವಾಗಿ ಬಿಡುಗಡೆ ಹೊಂದುವುದು ಆಸ್ಪತ್ರೆಯೇ ಹೊರತು ರೋಗಿಯಲ್ಲ. ಅಲ್ಲಿಯವರೆಗೆ ಮೂರು ಪಾಳಿಗಳಲ್ಲಿ ದಾದಿಯರು ಮಾಡುತ್ತಿದ್ದ ಕೆಲಸವೆಲ್ಲ ಆ ಸಂಜೆಯಿಂದ ಗಂಡನ ಅಥವಾ ಹೆಂಡತಿಯ ಪಾಲಿಗೆ, ಒಂದೇ ಪಾಳಿಯಲ್ಲಿ ಬರುತ್ತದೆ. ದಾದಿಯಾಗಲು ಮೂರು ನಾಲ್ಕು ವರ್ಷಗಳ ವ್ಯಾಸಂಗ ಬೇಕು. ನನಗೆ ದೊರೆತದ್ದು ಬಿಲ್ಲಿನ ಕೌಂಟರಿನ ಪಕ್ಕದಲ್ಲಿ ನಿಂತು ಕೇಳಿದ ಹತ್ತು ನಿಮಿಷಗಳ ವಿವರಣೆ. ಆದ್ದರಿಂದ, ಯಾವ ಆಸ್ಪತ್ರೆಯೇ ಆಗಲಿ, ಮನೆಯಲ್ಲಿ ಆರೈಕೆ ಮಾಡುವವರಿಗೆ ಅವರ ಭಾಷೆಯಲ್ಲಿ ಒಂದು ಗಂಟೆಯ ಪಾಠವನ್ನು ಹೇಳದೆ ಕ್ಯಾನ್ಸರ್ ರೋಗಿಯನ್ನು ಮನೆಗೆ ಕಳುಹಿಸಕೂಡದು ಎಂಬುದು ನನ್ನ ದೃಢವಾದ ಅಭಿಪ್ರಾಯ.

2018ರಲ್ಲಿ ನನ್ನ ಪತ್ನಿಗೆ ಅಂಡಾಶಯದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಮೂರು ವಾರಗಳಿಗೊಮ್ಮೆಯಂತೆ ಆರು ಸುತ್ತು ಕಿಮೋಥೆರಪಿ. ಶಸ್ತ್ರಚಿಕಿತ್ಸೆಯ ನಂತರ ನಮ್ಮ ಕೈಗಿತ್ತ ನಾಲ್ಕು ಪುಟಗಳ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಮಾತ್ರೆಗಳ ಹೆಸರಿನ ಮುಂದೆ ಬಿ.ಡಿ., ಟಿ.ಡಿ.ಎಸ್., ಎಚ್.ಎಸ್., ಎಸ್.ಓ.ಎಸ್. ಎಂಬ ಅಕ್ಷರಗಳು. ಇವು ಇಂಗ್ಲಿಷೂ ಅಲ್ಲ, ಲ್ಯಾಟಿನ್ ಪದಗಳ ಸಂಕ್ಷಿಪ್ತ ರೂಪಗಳು: ದಿನಕ್ಕೆ ಎರಡು ಬಾರಿ, ಮೂರು ಬಾರಿ, ಮಲಗುವಾಗ, ಅಗತ್ಯವಾದಾಗ. ಬಹುಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಸಂಕೇತಗಳ ಭಯವಿಲ್ಲ. ಆದರೆ ಕಿಮೋಥೆರಪಿಯ ಕೊಠಡಿಯಲ್ಲಿ ನಮ್ಮ ಎದುರಿಗೆ ಕುಳಿತಿದ್ದ ಹಳ್ಳಿಯ ಹೆಣ್ಣುಮಗಳೊಬ್ಬಳು ಗಂಡನ ಫೈಲನ್ನು ನನ್ನ ಮುಂದೆ ಹಿಡಿದು, “ಮೇಷ್ಟ್ರೇ, ಇದ್ರಲ್ಲಿ ಏನು ಬರ್ದವ್ರೆ, ವಸಿ ಓದಿ ಹೇಳಿ” ಎಂದಾಗ, ರೋಮನ್ನರ ಭಾಷೆ ಮಂಡ್ಯ ಜಿಲ್ಲೆಯ ಅಡುಗೆಮನೆಗೆ ಯಾವ ನ್ಯಾಯದಿಂದ ಬಂತೋ ಎನಿಸಿತು.

ಆ ಅಕ್ಷರಗಳಲ್ಲಿ ಎಸ್.ಓ.ಎಸ್. ಎಂಬುದನ್ನು ಕುರಿತು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನೋವಿನ ಮಾತ್ರೆಯ ಮುಂದೆ ಇದ್ದದ್ದು ಇದೇ, ‘ಅಗತ್ಯವಾದಾಗ’. ಅಗತ್ಯವನ್ನು ನಿರ್ಧರಿಸುವವರು ಯಾರು? ನಮ್ಮ ತಲೆಮಾರಿನ ಗೃಹಿಣಿಗೆ ತನಗೊಂದು ಅಗತ್ಯವಿದೆ ಎಂದು ಹೇಳಿ ಅಭ್ಯಾಸವೇ ಇಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಕೊಟ್ಟ ಎರಡು ಮೂರು ದಿನಗಳಲ್ಲಿ ಮೈಕೈ, ಕೀಲುಗಳಲ್ಲಿ ತೀವ್ರವಾದ ನೋವು ಬರುವುದುಂಟು. ಇವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ನೋವೇ ಎಂದು ಕೇಳಿದರೆ “ಪರವಾಗಿಲ್ಲ” ಎಂಬ ಒಂದೇ ಉತ್ತರ. ಮಾತ್ರೆಯ ಪಟ್ಟಿ ಹಾಗೆಯೇ ತುಂಬಿಕೊಂಡಿತ್ತು. ನಲವತ್ತು ವರ್ಷಗಳಿಂದ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣುತ್ತ ಬಂದವಳಿಗೆ ‘ಅಗತ್ಯವಾದಾಗ ತೆಗೆದುಕೊಳ್ಳಿ’ ಎಂದರೆ, ತೆಗೆದುಕೊಳ್ಳಬೇಡಿ ಎಂದಂತೆಯೇ.

ಕ್ಯಾನ್ಸರಿನ ನೋವಿಗೆ ಔಷಧವನ್ನು ಗಡಿಯಾರ ನೋಡಿ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಸಾರಿತ್ತು. ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥವು, ಅದಕ್ಕೆ ಬಗ್ಗದಿದ್ದರೆ ಕೊಡೀನ್ ಬಗೆಯವು, ಅದಕ್ಕೂ ಮೀರಿದರೆ ಮಾರ್ಫೀನ್, ಹೀಗೆ ಮೂರು ಮೆಟ್ಟಿಲು. ಗಡಿಯಾರದ ಮಾತ್ರೆಗಳ ನಡುವೆ ಹಠಾತ್ತಾಗಿ ನೋವು ಕಾಣಿಸಿಕೊಂಡರೆ ಮಾತ್ರ ‘ಅಗತ್ಯವಾದಾಗ’ ಎಂಬುದಕ್ಕೆ ಅರ್ಥವುಂಟು. ಮುಂದಿನ ಭೇಟಿಯಲ್ಲಿ ನಾನು ವೈದ್ಯರನ್ನು ಕೇಳಿದಾಗ ಅವರು ಬೇಸರಿಸದೆ, ಆ ನಾಲ್ಕು ದಿನಗಳ ಮಟ್ಟಿಗೆ ಎಂಟು ಗಂಟೆಗೊಂದು ಮಾತ್ರೆ ಎಂದು ತಿದ್ದಿಕೊಟ್ಟರು. ಒಂದು ಪೆನ್ನಿನ ಗೆರೆ, ಅಷ್ಟೆ. ಅವಳು ಎದ್ದು ಕುಳಿತು ಗಂಜಿ ಕುಡಿದಳು. ಕೇಳಲು ತಿಳಿಯದವರ ಮನೆಗಳಲ್ಲಿ ಆ ಗೆರೆ ಬೀಳುವುದು ಹೇಗೆ?

ಮಾರ್ಫೀನಿನ ಕಥೆ ಇನ್ನೂ ಕಷ್ಟಕರವಾದುದು. ಮಾದಕ ವಸ್ತುಗಳ 1985ರ ಕಾಯಿದೆಯ ಕಟ್ಟುಪಾಡುಗಳಿಗೆ ಅಂಜಿ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯಿಂದ ಪರವಾನಗಿಯ ದಾರಿ ಸರಳವಾಗಿದ್ದರೂ ಜನರ ಮನಸ್ಸಿನ ಭಯ ಹೋಗಿಲ್ಲ. ಚಟವಾಗುತ್ತದೆ, ಅದು ಕೊನೆಗಾಲದ ಔಷಧ ಎಂದು ನೆಂಟರೇ ತಡೆಯುತ್ತಾರೆ. ನೋವಿಗಾಗಿ, ವೈದ್ಯರು ಹೇಳಿದ ಅಳತೆಯಲ್ಲಿ ತೆಗೆದುಕೊಂಡರೆ ಚಟ ಹತ್ತುವುದು ವಿರಳ. ಮಲಬದ್ಧತೆಯಂತೂ ಸಾಮಾನ್ಯವಾಗಿ ಬರುತ್ತದೆ. ಮೊದಲ ದಿನದಿಂದಲೇ ಅದಕ್ಕೂ ಔಷಧ ಬೇಕು. ಈ ಎರಡು ಮಾತುಗಳನ್ನು ಮನೆಯವರಿಗೆ ತಿಳಿಸಲು ಐದು ನಿಮಿಷ ಸಾಕು.

ಜ್ವರದ ವಿಷಯ ಇನ್ನೊಂದು. ಜ್ವರ ಬಂದರೆ ಕಷಾಯ ಕುಡಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಬೆಳಗಾಗಲಿ ನೋಡೋಣ ಎನ್ನುವುದು ನಮ್ಮೆಲ್ಲರ ಮನೆಗಳ ಪದ್ಧತಿ. ಕಿಮೋಥೆರಪಿಯಾದ ಒಂದೆರಡು ವಾರಗಳಲ್ಲಿ ರಕ್ತದ ಬಿಳಿಯ ಕಣಗಳು ತೀರ ಇಳಿದಿರುವಾಗ ಈ ಪದ್ಧತಿ ಪ್ರಾಣಾಪಾಯಕರ. 100.4 ಡಿಗ್ರಿ ದಾಟಿದರೆ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಬೇಕು. ಜ್ವರದ ಮಾತ್ರೆ ನುಂಗಿಸಿ ಕಾಯಬಾರದು. ನಮ್ಮ ಪತ್ರದಲ್ಲಿ ಇದು ಮೂರನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಕೇರಳದ ದಾದಿಯೊಬ್ಬರು ಪಾಳಿ ಮುಗಿಸಿ ಹೋಗುತ್ತಿದ್ದವರು ಮೊಗಸಾಲೆಯಲ್ಲಿ ನಿಂತು, ತಮ್ಮ ಅರೆಬರೆ ಕನ್ನಡದಲ್ಲಿ, “ಸಾರ್, ಜ್ವರ ಬಂದ್ರೆ ರಾತ್ರಿ ಆದ್ರೂ ಬರ್ಬೇಕು. ಬೆಳಿಗ್ಗೆ ಅಂತ ಕೂರ್ಬೇಡಿ” ಎಂದಿದ್ದರು. ಎರಡನೆಯ ಸುತ್ತಿನ ಹತ್ತನೆಯ ರಾತ್ರಿ ಹನ್ನೊಂದಕ್ಕೆ 101 ಡಿಗ್ರಿ ಬಂತು. ಒಂದು ಗಂಟೆಯ ಒಳಗೆ ಆಸ್ಪತ್ರೆ ಸೇರಿದೆವು, ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹಾಕಿದರು, ಐದನೆಯ ದಿನ ಮನೆಗೆ ಬಂದೆವು. ಆಕೆ ಆ ಎರಡು ವಾಕ್ಯಗಳನ್ನು ಹೇಳಿದ್ದು ಕರ್ತವ್ಯದ ಭಾಗವಾಗಿ ಅಲ್ಲ, ದಯೆಯಿಂದ. ನನ್ನ ಆಕ್ಷೇಪಣೆ ಇರುವುದೇ ಇಲ್ಲಿ. ದಯೆ ಎಲ್ಲ ರೋಗಿಗಳ ಪಾಲಿಗೂ ಮೊಗಸಾಲೆಯಲ್ಲಿ ಎದುರಾಗುವುದಿಲ್ಲ.

ಬಿ.ಎಡ್. ಓದುವಾಗ ನಮಗೆ ಪಾಠಯೋಜನೆ ಬರೆಸುತ್ತಿದ್ದರು. ಅದರ ಕೊನೆಯ ಅಂಕಣ ಪುನರಾವರ್ತನೆಯದು. “ಅರ್ಥವಾಯಿತೇ?” ಎಂದು ಕೇಳಿದರೆ ಇಡೀ ತರಗತಿ “ಆಯಿತು ಸಾರ್” ಎನ್ನುತ್ತದೆ, ಆ ಉತ್ತರಕ್ಕೆ ಬೆಲೆಯಿಲ್ಲ. ಆಸ್ಪತ್ರೆಯವರು ಕೇಳುವುದೂ ಇದೇ ಪ್ರಶ್ನೆ, ನಾವು ಕೊಡುವುದೂ ಇದೇ ಉತ್ತರ. ಅದರ ಬದಲಿಗೆ, ನಡುರಾತ್ರಿ ಜ್ವರ ಬಂದರೆ ಏನು ಮಾಡುತ್ತೀರಿ, ಔಷಧ ಕೊಟ್ಟ ಮೊದಲ ಎರಡು ದಿನ ವಾಂತಿಯನ್ನು ಬರಿಗೈಯಲ್ಲಿ ಬಳಿಯಬಹುದೇ, ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಕೇಳಿ, ಮನೆಯವರ ಬಾಯಿಂದ ಉತ್ತರ ಬರಿಸಬೇಕು.

ಸಿಬ್ಬಂದಿಗೆ ಸಮಯವೆಲ್ಲಿದೆ ಎಂದು ಕೇಳುವವರಿದ್ದಾರೆ. ಬಿಡುಗಡೆಯ ದಿನ ವಿಮೆಯ ಒಪ್ಪಿಗೆಗಾಗಿ ನಾವು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಚೀಲಗಳನ್ನು ಕಟ್ಟಿಕೊಂಡು ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದೆವು. ಅಂದು ನಮ್ಮಂತೆಯೇ ಕಾಯುತ್ತಿದ್ದ ಕುಟುಂಬಗಳು ಇನ್ನೂ ಆರೇಳು. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿದರೆ ಅದೇ ಒಂದು ತರಗತಿ, ಒಬ್ಬರೇ ದಾದಿ ಸಾಕು.

ನನಗೆ ತೋರುವ ನಿಜವಾದ ಕಾರಣ ಬೇರೆ. “ಮನೆಯಲ್ಲಿ ಹೆಂಗಸರು ಯಾರೂ ಇಲ್ಲವೇ?” ಎಂದು ಅಲ್ಲಿ ನನ್ನನ್ನು ಮೂವರು ಕೇಳಿದ್ದರು. ಆರೈಕೆಯೆಂಬುದು ಹೆಂಗಸರಿಗೆ ಹುಟ್ಟಿನಿಂದ ಬಂದ ವಿದ್ಯೆ, ಕಲಿಸುವ ಅಗತ್ಯವಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ನಾನು ಗಂಜಿ ಬೇಯಿಸಿದ್ದಕ್ಕೂ ಬೀದಿಯವರೆಲ್ಲ ಕೊಂಡಾಡಿದರು. ಗಂಡನ ಮಲಮೂತ್ರ ತೆಗೆದ ಎಷ್ಟೋ ಹೆಂಡಂದಿರು ಇದೇ ಬೀದಿಯಲ್ಲಿದ್ದಾರೆ, ಅವರನ್ನು ಯಾರೂ ಮಾತನಾಡಿಸಲಿಲ್ಲ.

ಇದು ಆಗದ ಮಾತೇನಲ್ಲ. ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ತೊಡಗಿಸಿದ ಉಪಶಾಮಕ ಆರೈಕೆಯ ಕೆಲಸ ಬೆಳೆದು, 2008ರಲ್ಲಿ ಕೇರಳ ಸರ್ಕಾರದ ನೀತಿಯೇ ಆಯಿತು. ಅಲ್ಲಿ ಪಂಚಾಯಿತಿಯ ದಾದಿ ಮನೆಗೇ ಬರುತ್ತಾಳೆ. ಬೆಂಗಳೂರಿನಲ್ಲಿ 1999ರಿಂದ ನಡೆಯುತ್ತಿರುವ ‘ಕರುಣಾಶ್ರಯ’ ಗುಣವಾಗುವ ಹಂತ ಮೀರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಆದರೆ ಹೊಸದಾಗಿ ಚಿಕಿತ್ಸೆ ಆರಂಭಿಸಿ ಮನೆಗೆ ಮರಳುವವರಿಗೂ ಕೈಹಿಡಿದು ಹೇಳುವವರು ಬೇಕಲ್ಲವೇ?

ಬಿಡುಗಡೆಯ ದಿನ ನಾನು ಹಲವು ಕಾಗದಗಳಿಗೆ ಸಹಿ ಹಾಕಿದೆ: ಬಿಲ್ಲು ಒಪ್ಪಿದ್ದಕ್ಕೆ, ವರದಿಗಳನ್ನು ಪಡೆದದ್ದಕ್ಕೆ, ಒಡವೆಗಳು ಕಳೆದಿಲ್ಲವೆಂಬುದಕ್ಕೆ. ಇದರೊಡನೆ ‘ಪಾಠ ಕೇಳಿದ್ದೇನೆ, ಮರಳಿ ಒಪ್ಪಿಸಿದ್ದೇನೆ’ ಎಂಬ ಇನ್ನೊಂದು ಸಹಿ ಇರಲಿ ಎಂದು ಕೋರಿ, ಕನ್ನಡದಲ್ಲಿ ಒಂದು ಪುಟದ ಮಾದರಿ ಪಾಠವನ್ನೂ ಲಗತ್ತಿಸಿ ಆ ಆಸ್ಪತ್ರೆಗೆ ಪತ್ರ ಬರೆದೆ. ಸಲಹೆಯನ್ನು ಗಮನಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂದಿದೆ. ಆ ಪುಟದ ಪ್ರತಿಗಳನ್ನು ಮಾಡಿಸಿ ಇಟ್ಟುಕೊಂಡಿದ್ದೇನೆ. ತಪಾಸಣೆಗೆ ಹೋದಾಗಲೆಲ್ಲ ಇವಳು ಕೈಚೀಲದಲ್ಲಿ ಹತ್ತು ಪ್ರತಿ ಹಾಕಿಕೊಳ್ಳುತ್ತಾಳೆ. ಬರುವಾಗ ಒಂದೂ ಉಳಿದಿರುವುದಿಲ್ಲ.