ಸಾಕಿದ ಹಾವಿಗೆ ಬಿಸಿಲೂ ನೆರಳೂ

ನಮ್ಮ ನಾಡಿನಲ್ಲಿ ಹಾವೆಂದರೆ ಹುತ್ತದ ಬಳಿ ಪೂಜೆಗೊಳ್ಳುವಂಥದು. ಮನೆಯೊಳಗೆ ಕಾಣಿಸಿಕೊಂಡರೆ ಮನೆಮಂದಿಯನ್ನೆಲ್ಲ ಅಂಗಳಕ್ಕೆ ಓಡಿಸುವಂಥದು. ಆದರೆ ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ನಾಯಿ ಬೆಕ್ಕುಗಳಂತೆ ಹಾವನ್ನೂ ಸಾಕುವ ಗೃಹಸ್ಥರು ಅನೇಕರುಂಟು. ಅಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಜೊತೆಗಾರರ ಮನೆಯಲ್ಲಿ ಇದನ್ನು ಕಂಡು, ತಮಗೂ ಒಂದು ಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಅಂಥ ಮನೆಗಳಲ್ಲಿ ಹಿರಿಯರು ಮೊದಲು ತಿಳಿಯತಕ್ಕ ವಿಷಯ ಹಾವಿನ ಆಹಾರವಲ್ಲ, ಅದರ ಪೆಟ್ಟಿಗೆಯ ಉಷ್ಣಮಾನ. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತು ಹೇಳಲಿಚ್ಛಿಸುತ್ತೇವೆ.

ಮನುಷ್ಯನು ಉಂಡ ಅನ್ನದಿಂದಲೇ ಮೈಯ ಕಾವನ್ನು ಹುಟ್ಟಿಸಿಕೊಂಡು, ಚಳಿಯಾಗಲಿ ಸೆಕೆಯಾಗಲಿ, ಅದನ್ನು 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾನೆ. ಹಾವಿಗೆ ಆ ಶಕ್ತಿಯಿಲ್ಲ. ಮೊಟ್ಟೆಗಳನ್ನು ಸುತ್ತಿಕೊಂಡು ಕುಳಿತ ಹೆಬ್ಬಾವಿನ ತಾಯಿ ಮಾತ್ರ ಸ್ನಾಯುಗಳನ್ನು ನಡುಗಿಸಿ ಕಾವು ತಂದುಕೊಳ್ಳುವುದೆಂಬುದನ್ನು 1841ರಲ್ಲಿಯೇ ಪ್ಯಾರಿಸ್ ನಗರದಲ್ಲಿ ಉಷ್ಣಮಾಪಕವಿಟ್ಟು ನೋಡಿದ್ದಾರೆ. ಅದು ಅಪೂರ್ವವಾದ ಸಂಗತಿ. ಉಳಿದಂತೆ ಹಾವು ಬಿಸಿಲಿಗೆ ಬಂದು ಮೈ ಕಾಯಿಸಿಕೊಳ್ಳುತ್ತದೆ, ಸಾಕೆನಿಸಿದಾಗ ನೆರಳಿಗೆ ಸರಿಯುತ್ತದೆ. ಸರೀಸೃಪಗಳು ಹೀಗೆ ಎಡೆಯಿಂದೆಡೆಗೆ ಚಲಿಸಿಯೇ ತಮ್ಮ ಮೈಯ ಉಷ್ಣವನ್ನು ಹದದಲ್ಲಿಟ್ಟುಕೊಳ್ಳುತ್ತವೆಂಬುದನ್ನು ಅಮೆರಿಕದ ಕೌಲ್ಸ್ ಮತ್ತು ಬೋಗರ್ಟ್ ಎಂಬ ವಿದ್ವಾಂಸರು ಮರುಭೂಮಿಯ ಪ್ರಾಣಿಗಳನ್ನು ಪರೀಕ್ಷಿಸಿ 1944ರಲ್ಲಿ ವಿಶದಪಡಿಸಿದರು.

ಇದರಿಂದ ತಿಳಿಯತಕ್ಕದ್ದೇನು? ಹಾವಿಗೆ ಬೇಕಾದುದು ಒಂದು ಉಷ್ಣಮಾನವಲ್ಲ, ಎರಡು. ಪೆಟ್ಟಿಗೆಯನ್ನೆಲ್ಲ ಒಂದೇ ಸಮನೆ ಬೆಚ್ಚಗಿಟ್ಟರೆ ಹಾವಿನ ಆಯ್ಕೆಯನ್ನೇ ಕಿತ್ತುಕೊಂಡಂತಾಯಿತು.

ಮನೆಗಳಲ್ಲಿ ಹೆಚ್ಚಾಗಿ ಸಾಕುವ ‘ಕಾರ್ನ್ ಸ್ನೇಕ್’ ಎಂಬ ವಿಷವಿಲ್ಲದ ಹಾವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕದ ಆಗ್ನೇಯ ಪ್ರಾಂತ್ಯಗಳು ಇದರ ತವರು. ಇದರ ಪೆಟ್ಟಿಗೆಯ ಒಂದು ತುದಿ 28ರಿಂದ 30 ಡಿಗ್ರಿಯಷ್ಟು ಬೆಚ್ಚಗೂ, ಇನ್ನೊಂದು ತುದಿ 20ರಿಂದ 24 ಡಿಗ್ರಿಯಷ್ಟು ತಂಪಾಗಿಯೂ ಇರಬೇಕು. ಪಶ್ಚಿಮ ಆಫ್ರಿಕದಿಂದ ಬಂದ ‘ಬಾಲ್ ಪೈತಾನ್’ ಎಂಬ ಸಣ್ಣ ಹೆಬ್ಬಾವಿಗೆ ಇದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು ಕಾವು ಬೇಕಾಗುತ್ತದೆ. ಎರಡು ತುದಿಗಳಲ್ಲಿಯೂ ಅಡಗಿಕೊಳ್ಳುವುದಕ್ಕೆ ಒಂದೊಂದು ಗೂಡನ್ನಿಡತಕ್ಕದ್ದು. ಇಲ್ಲವಾದರೆ ಅಂಜುಬುರುಕ ಹಾವು ಮರೆಯ ಆಸೆಗಾಗಿ ಕಾವನ್ನು ಬಿಟ್ಟುಕೊಡುವುದುಂಟು.

ಕಾವು ಸಾಲದಿದ್ದರೆ ಹಾವು ನುಂಗಿದ ಆಹಾರ ಜೀರ್ಣವಾಗದು. ಇಡಿಯಾಗಿ ನುಂಗಿದ ಇಲಿ ಹೊಟ್ಟೆಯಲ್ಲಿಯೇ ಕೊಳೆಯತೊಡಗಿ, ಹಾವು ಅದನ್ನು ಕಕ್ಕಬಹುದು. ಬಹುದಿನ ಹೀಗೆಯೇ ಇದ್ದರೆ ಶ್ವಾಸಕೋಶದ ರೋಗಕ್ಕೂ ಎಡೆಯಾಗುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಕಾಣುವುದು ಇದರ ಲಕ್ಷಣ. ಆಗ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕಾವು ಮಿತಿಮೀರಿದರೆ ಅದಕ್ಕಿಂತ ಬೇಗ ಪ್ರಾಣಕ್ಕೆ ಅಪಾಯ. ಆದುದರಿಂದಲೇ ಗಾಜಿನ ಪೆಟ್ಟಿಗೆಯನ್ನು ಎಂದಿಗೂ ಬಿಸಿಲು ಬೀಳುವ ಕಿಟಕಿಯ ಬಳಿ ಇಡಕೂಡದು.

ಕಾವು ಕೊಡುವುದಕ್ಕೆ ವಿದ್ಯುತ್ತಿನ ತೆಳ್ಳನೆಯ ಹಾಸುಗಳೂ ದೀಪಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಹಾಸು ಪೆಟ್ಟಿಗೆಯ ತಳದ ಮೂರನೆಯ ಒಂದು ಪಾಲಿಗಿಂತ ಬಹಳ ಹೆಚ್ಚಿನ ಎಡೆಯನ್ನು ಆಕ್ರಮಿಸಬಾರದು. ದೀಪಕ್ಕೆ ತಂತಿಯ ಬಲೆ ಕಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇವನ್ನು ಥರ್ಮೋಸ್ಟಾಟ್ ಎಂಬ ನಿಯಂತ್ರಕವಿಲ್ಲದೆ ಉಪಯೋಗಿಸಲೇ ಬಾರದು. ಅಂಗಡಿಯವರು ‘ಬಿಸಿಗಲ್ಲು’ ಎಂದು ಮಾರುವ ವಸ್ತುವನ್ನು ದೂರವಿಡುವುದೇ ಲೇಸು. ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಹಾವು ಕಾವಿನ ಮೇಲಿಂದ ಸರಿಯದೆ ಮಲಗಿರುವುದುಂಟು. ನಾವು ಕಾಣುವ ಹೊತ್ತಿಗೆ ಗಾಯ ಆಳವಾಗಿರುತ್ತದೆ.

ಕೈ ಮುಟ್ಟಿ ನೋಡಿ ಅಂದಾಜು ಮಾಡುವುದು ಸಾಲದು. ಗಾಜಿಗೆ ಅಂಟಿಸುವ ಮಾಪಕ ಗಾಜಿನ ಉಷ್ಣವನ್ನು ತೋರಿಸೀತೇ ಹೊರತು, ಹಾವು ಮಲಗುವ ನೆಲದ ಉಷ್ಣವನ್ನಲ್ಲ. ಎರಡು ತುದಿಗಳಲ್ಲಿಯೂ, ಹಾವಿನ ಮೈ ತಾಗುವ ಎಡೆಯಲ್ಲಿಯೇ ಒಂದೊಂದು ಉಷ್ಣಮಾಪಕವಿರಲಿ. ಹಾವನ್ನು ತರುವುದಕ್ಕೆ ಮೊದಲೇ ಪೆಟ್ಟಿಗೆಯನ್ನು ಸಿದ್ಧಪಡಿಸಿ, ಎರಡು ದಿನ ಹಗಲೂ ರಾತ್ರಿಯೂ ಅಂಕೆಗಳನ್ನು ಬರೆದಿಡುವುದು ಜಾಣತನ. ಈ ಕೆಲಸವನ್ನು ಹಟ ಹಿಡಿದ ಮಗುವಿಗೇ ವಹಿಸಬಹುದು. ಎರಡು ದಿನ ಬೇಸರಿಸದೆ ಬರೆದ ಮಗುವಿಗೆ ಹಾವನ್ನು ಸಾಕುವ ತಾಳ್ಮೆಯುಂಟೆಂದು ನಂಬಬಹುದು.

ಹಾವು ಬಂದ ಮೇಲೆ ಅದರ ನಡತೆಯೇ ಇನ್ನೊಂದು ಮಾಪಕ. ಸದಾ ಬಿಸಿ ತುದಿಯನ್ನೇ ಅಪ್ಪಿಕೊಂಡಿದ್ದರೆ ಪೆಟ್ಟಿಗೆ ತಣ್ಣಗಾಗಿದೆಯೇ ಎಂದು ನೋಡಬೇಕು. ದಿನವೆಲ್ಲ ನೀರಿನ ಬಟ್ಟಲಿನಲ್ಲಿಯೇ ಮುಳುಗಿದ್ದರೆ ಸೆಕೆ ಹೆಚ್ಚಾಗಿರಬಹುದು. ಪೊರೆ ಬಿಡುವ ಕಾಲದಲ್ಲಿಯೂ, ಮೈಗೆ ಉಣ್ಣೆ ಹತ್ತಿದಾಗಲೂ ಹೀಗೆ ಮಾಡುವುದುಂಟು. ಚಳಿಗಾಲದಲ್ಲಿ ವಿದ್ಯುತ್ತು ನಿಂತರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿಗೆ ಎಡೆಬಿಟ್ಟು, ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಪಕ್ಕದಲ್ಲಿಡಬಹುದು.

ಇಲ್ಲಿರುವ ವಾಚಕರಿಗೆ ಒಂದು ಮಾತು. ನಮ್ಮ ನಾಡಿನ ಹಾವುಗಳನ್ನು ಹಿಡಿದು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅವುಗಳಿಗೆ ಹೊಲದ ಬದುವಿನ ಬಿಸಿಲೂ ಹುತ್ತದ ತಂಪೂ ದೇವರು ಕೊಟ್ಟದ್ದೇ ಇವೆ. ಪೆಟ್ಟಿಗೆಯಲ್ಲಿಯೇ ಹುಟ್ಟಿ ಬೆಳೆದ ಹಾವಿಗಾದರೋ ಇವೆರಡನ್ನೂ ಒದಗಿಸತಕ್ಕವನು ಸಾಕಿದವನೊಬ್ಬನೇ. ಕಾರ್ನ್ ಸ್ನೇಕ್ ಇಪ್ಪತ್ತು ವರ್ಷ ಬಾಳಬಲ್ಲದು. ಅಷ್ಟು ಕಾಲವೂ ದಿನಕ್ಕೊಮ್ಮೆ ಎರಡು ಉಷ್ಣಮಾಪಕಗಳನ್ನು ನೋಡುವ ಮನಸ್ಸಿಲ್ಲದವರು ಈ ಪ್ರಾಣಿಯನ್ನು ಮನೆಗೆ ತಾರದಿರುವುದೇ ಧರ್ಮ.